ಮುಚ್ಚಳಿಕೆಯ ನೀರು

ಪುಣೆಯಿಂದ ಅಹಿಲ್ಯಾನಗರಕ್ಕೆ ಹೋಗುವ ಹೆದ್ದಾರಿಯಲ್ಲಿ ವಾಘೋಲಿ ಹತ್ತಿರವಾಗುತ್ತಿದ್ದಂತೆ, ಒಂದು ಕಾಲದಲ್ಲಿ ಕಲ್ಲುಕ್ವಾರಿಗಳ ಧೂಳು ಕಾಣುತ್ತಿದ್ದ ದಿಕ್ಕಿನಲ್ಲೆಲ್ಲ ಈಗ ಬಹುಮಹಡಿ ಕಟ್ಟಡಗಳು ಕಾಣುತ್ತವೆ. ಧೂಳು ಮಾತ್ರ ಹಾಗೆಯೇ ಇದೆ. ಅಂಥದೊಂದು ಕಟ್ಟಡದ ಒಂಬತ್ತನೆಯ ಮಹಡಿಯಲ್ಲಿ ನನ್ನ ಸಂಸಾರವಿದ್ದು, ನಮ್ಮ ಅಡುಗೆಮನೆಯಲ್ಲಿ ಅಕ್ಕಪಕ್ಕದಲ್ಲಿ ಎರಡು ನಳಗಳಿವೆ. ಮೊದಲನೆಯದರಲ್ಲಿ ಟ್ಯಾಂಕರಿನ ನೀರು ಬರುತ್ತದೆ. ಎರಡನೆಯದು ಸರಕಾರಿ ನೀರಿಗೆಂದೇ ಮೀಸಲಾದದ್ದು. ಮನೆಯ ಕೀಲಿಕೈ ಪಡೆದ ದಿನದಿಂದ ಇಂದಿನವರೆಗೆ ಅದು ಒಂದು ಹನಿಯನ್ನೂ ಸುರಿಸಿ ತನ್ನ ಹೊಳಪು ಕೆಡಿಸಿಕೊಂಡಿಲ್ಲ. ನನ್ನ ಹೆಂಡತಿ ವಾರದ ದಿನಗಳಲ್ಲಿ ಅದಕ್ಕೆ ಒರೆಸುವ ಬಟ್ಟೆಯನ್ನು ತೂಗುಹಾಕುತ್ತಾಳೆ, ಯುಗಾದಿಯಂದು ಅರಿಸಿನ ಕುಂಕುಮ ಹಚ್ಚುತ್ತಾಳೆ.

ನೀರೇ ಇಲ್ಲದ ಕಡೆ ಇಷ್ಟೊಂದು ಮನೆಗಳನ್ನು ಕಟ್ಟಲು ಅನುಮತಿ ಹೇಗೆ ದೊರೆಯಿತೆಂದು ಊರಿನಿಂದ ಬಂದವರು ಕೇಳುತ್ತಾರೆ. ಮನೆಗೆ ಮೊದಲು ಬಾವಿ ತೋಡುವ ಹಳೆಯ ಪದ್ಧತಿಯಲ್ಲಿ ಬೆಳೆದವರು, ಅವರಿಗೆ ಆಧುನಿಕ ಆಡಳಿತದ ಸೂಕ್ಷ್ಮಗಳು ತಿಳಿಯುವುದಿಲ್ಲ. ಆ ಭಾಗಕ್ಕೆ ಕೊಡಲು ತನ್ನಲ್ಲಿ ನೀರಿಲ್ಲವೆಂಬುದು ಅನುಮತಿ ನೀಡುವ ಕಚೇರಿಗೆ ಗೊತ್ತು, ಬಿಲ್ಡರನಿಗೂ ಗೊತ್ತು. ಇಬ್ಬರಿಗೂ ಗೊತ್ತಿರುವ ಸಂಗತಿಯನ್ನೇ ಮತ್ತೆ ಮತ್ತೆ ಎತ್ತುವುದು ಸಭ್ಯತೆಯಲ್ಲವಾದ್ದರಿಂದ, ಸಾರ್ವಜನಿಕ ನೀರಿನ ಪೂರೈಕೆ ಆರಂಭವಾಗುವವರೆಗೆ ನಿವಾಸಿಗಳಿಗೆ ತಾನೇ ನೀರು ಒದಗಿಸುವುದಾಗಿ ಬಿಲ್ಡರನು ಛಾಪಾ ಕಾಗದದ ಮೇಲೆ ಬರೆದುಕೊಡುತ್ತಾನೆ. ಕಾಗದ ಕಡತಕ್ಕೆ ಸೇರುತ್ತದೆ, ಕಟ್ಟಡ ಆಕಾಶಕ್ಕೆ ಏರುತ್ತದೆ. ಮರಾಠಿಯಲ್ಲಿ ಇದನ್ನು ಹಮೀಪತ್ರವೆನ್ನುತ್ತಾರೆ, ನಮ್ಮಲ್ಲಿ ಮುಚ್ಚಳಿಕೆ. ನೀರಿಲ್ಲದ ತೊಟ್ಟಿಯೊಳಗೆ ಯಾರೂ ಇಣುಕದಂತೆ ಮೇಲಿನಿಂದ ಮುಚ್ಚಿಡುವ ಸಾಧನಕ್ಕೆ ಇಷ್ಟು ಯೋಗ್ಯವಾದ ಹೆಸರಿಟ್ಟ ಹಿರಿಯರು ಪುಣೆಯನ್ನು ನೋಡಿಯೇ ಇದ್ದಿರಬೇಕು.

ಈ ಏರ್ಪಾಡಿಗೆ ನ್ಯಾಯಾಲಯಗಳು ಆಗಾಗ ಅಡ್ಡಿಪಡಿಸಿದ್ದುಂಟು. 2016ರಲ್ಲಿ ಇದೇ ನಗರದ ಬಾಣೇರ್ ಮತ್ತು ಬಾಲೇವಾಡಿಗಳಲ್ಲಿ ಇದ್ದವರಿಗೇ ನೀರು ಸಾಲದಿರುವಾಗ ಹೊಸ ಕಟ್ಟಡಗಳೇಕೆ ಎಂದು ಮುಂಬೈ ಹೈಕೋರ್ಟು ಅನುಮತಿಗಳನ್ನು ತಡೆಹಿಡಿಯಿತು. ತಡೆ ಬಂತು, ಹೋಯಿತು. ಕ್ರೇನುಗಳು ತಮ್ಮ ಕೆಲಸ ಮುಂದುವರಿಸಿದವು. 2020ರ ಡಿಸೆಂಬರಿನಲ್ಲಿ ರಾಜ್ಯಕ್ಕೆ ಏಕೀಕೃತ ಕಟ್ಟಡ ನಿಯಮಗಳು ಬಂದು ನಿವೇಶನದ ಅಳತೆಯ ಎಷ್ಟು ಪಟ್ಟು ಕಟ್ಟಬಹುದೆಂದು ಹೇಳುವ ಎಫ್‌ಎಸ್‌ಐ ಎಂಬ ಮಾಯಾಸಂಖ್ಯೆಯನ್ನು ಇನ್ನಷ್ಟು ಉದಾರಗೊಳಿಸಿದವು. 2021ರ ಜೂನ್ 30ರಂದು ವಾಘೋಲಿಯೂ ಸೇರಿದಂತೆ 23 ಹಳ್ಳಿಗಳನ್ನು ಒಳಗೊಂಡ ಪುಣೆ ಮಹಾನಗರ ಪಾಲಿಕೆಯು ವಿಸ್ತೀರ್ಣದಲ್ಲಿ ಮುಂಬೈಯನ್ನೂ ಹಿಂದಿಕ್ಕಿ ರಾಜ್ಯದಲ್ಲೇ ಮೊದಲನೆಯದಾಯಿತು. ಹಿಂದಿನ ದಿನ ಹಳ್ಳಿಗರಾಗಿ ಮಲಗಿದ ನಾವು ಮರುದಿನ ಮಹಾನಗರದ ಪ್ರಜೆಗಳಾಗಿ ಎದ್ದು, ಹಲ್ಲುಜ್ಜಲು ಟ್ಯಾಂಕರಿನ ದಾರಿ ಕಾದೆವು.

ಪುಣೆಯಲ್ಲಿ ನೀರಿಲ್ಲವೆಂದು ಯಾರೂ ತಪ್ಪು ತಿಳಿಯಬಾರದು. ಖಡಕ್‌ವಾಸಲಾ, ಪಾನಶೇತ್, ವರಸಗಾವ್, ಟೇಮಘರ್ ಎಂದು ನಾಲ್ಕು ಅಣೆಕಟ್ಟುಗಳು ಈ ನಗರದ ನೆತ್ತಿಯ ಮೇಲಿವೆ. 2024ರ ಜುಲೈ ತಿಂಗಳಲ್ಲಿ ಖಡಕ್‌ವಾಸಲಾದಿಂದ ನೀರು ಬಿಟ್ಟಾಗ, ಸಿಂಹಗಡ ರಸ್ತೆಯ ಏಕತಾ ನಗರಿಯ ನೆಲಮಹಡಿಗಳಿಗೆ ಯಾವ ಅರ್ಜಿ, ಯಾವ ಮುಚ್ಚಳಿಕೆಯೂ ಇಲ್ಲದೆ ರಾತ್ರೋರಾತ್ರಿ ನೀರು ಬಂದಿತ್ತು. ಮುಠಾ ನದಿಯ ದಂಡೆಯಲ್ಲಿ ಮನೆ ಕೊಂಡವರಿಗೆ ಸಿಗುವ ಈ ಸವಲತ್ತು ನಗರದ ಪೂರ್ವದಂಚಿನಲ್ಲಿ ಮನೆ ಕೊಂಡ ನಮಗೆ ಎಲ್ಲಿಂದ ಬರಬೇಕು?

ನಗರವಾಸಿಯೊಬ್ಬನಿಗೆ ದಿನಕ್ಕೆ 135 ಲೀಟರ್ ನೀರು ಬೇಕೆಂಬುದು ಈ ದೇಶದ ಒಪ್ಪಿತ ಮಾನದಂಡ. ನಮ್ಮ ಸೊಸೈಟಿಯಲ್ಲಿ 400 ಮನೆಗಳಿವೆ. ಮನೆಗೆ ನಾಲ್ವರಂತೆ ಹಿಡಿದರೆ ದಿನಕ್ಕೆ 2,16,000 ಲೀಟರ್, ಅಂದರೆ ಹತ್ತು ಸಾವಿರ ಲೀಟರಿನ 22 ಟ್ಯಾಂಕರುಗಳು. ಹಗಲಿರುಳೆನ್ನದೆ ಹೆಚ್ಚುಕಡಿಮೆ ಗಂಟೆಗೊಂದು. ಈ ಲೆಕ್ಕವನ್ನು ಸೊಸೈಟಿಯ ಸೆಕ್ರೆಟರಿಯವರ ಮುಂದಿಟ್ಟಾಗ, ಜಮಖಂಡಿಯ ಕಡೆಯವರಾದ ಅವರು ಚಹದ ಕಪ್ಪನ್ನು ಕೆಳಗಿಟ್ಟು, “ಸರ, ನೀರಿನ ಗುಣಾಕಾರ ಮಾಡಬ್ಯಾಡ್ರಿ, ಬಾಯಿ ಒಣಗತದ” ಎಂದರು.

ಬೆಳಗಿನ ಐದಕ್ಕೆ ಮೊದಲ ಟ್ಯಾಂಕರು ಗೇಟಿನೊಳಗೆ ಹಿಮ್ಮುಖವಾಗಿ ಬರುತ್ತದೆ. ಕಾವಲುಗಾರನು ನೆಲದಡಿಯ ತೊಟ್ಟಿಯ ಮುಚ್ಚಳ ತೆಗೆದು, ಸುಣ್ಣದ ಗೆರೆಗಳನ್ನು ಎಳೆದ ಬಿದಿರಿನ ಕೋಲನ್ನು ಇಳಿಸಿ, ಒದ್ದೆಯಾದಷ್ಟು ಭಾಗವನ್ನು ಟಾರ್ಚಿನ ಬೆಳಕಿನಲ್ಲಿ ಓದಿ, ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಾನೆ. ಕೋಲು ಎಂಟು ಸಾವಿರವೆನ್ನುತ್ತದೆ, ಚಾಲಕ ಹತ್ತು ಸಾವಿರವೆನ್ನುತ್ತಾನೆ, ಸಹಿ ಹತ್ತು ಸಾವಿರಕ್ಕೆ ಬೀಳುತ್ತದೆ. ನಾಡಿನ ಶ್ರೇಷ್ಠ ಎಂಜಿನಿಯರುಗಳು ಜಾಗತಿಕ ಕಂಪನಿಗಳ ಸಾಫ್ಟ್‌ವೇರ್ ತಿದ್ದುವ ಈ ನಗರದಲ್ಲಿ ನಮ್ಮ ನೀರಿನ ಭವಿಷ್ಯ ನಿಂತಿರುವುದು ಆ ಕೋಲಿನ ಮೇಲೆ.

ಜಾಹೀರಾತಿನ ಪುಸ್ತಿಕೆಯಲ್ಲಿ ತೋರಿಸಿದ್ದ ಈಜುಕೊಳವೂ ನಮ್ಮಲ್ಲಿದೆ. ಅದನ್ನು ತುಂಬಿಸಬೇಕೇ ಎಂಬ ಪ್ರಶ್ನೆಯ ಮೇಲೆ ಕಳೆದ ವಾರ್ಷಿಕ ಸಭೆಯಲ್ಲಿ ಎರಡೂವರೆ ಗಂಟೆ ಚರ್ಚೆ ನಡೆದು, ಕೊಳವನ್ನು ಒಣಗಿಸಿಡುವುದೆಂದೂ, ಅದು ಸೌಲಭ್ಯಗಳ ಪಟ್ಟಿಯಲ್ಲಿ ಇರುವುದರಿಂದ ನಿರ್ವಹಣಾ ಶುಲ್ಕ ಮಾತ್ರ ಮುಂದುವರಿಯತಕ್ಕದ್ದೆಂದೂ ನಿರ್ಣಯವಾಯಿತು. ಈಗ ಮಕ್ಕಳು ಅದರೊಳಗೆ ಕ್ರಿಕೆಟ್ ಆಡುತ್ತಾರೆ. ಚೆಂಡು ಹೊರಗೆ ಹೋಗುವುದಿಲ್ಲವಾದ್ದರಿಂದ ಬಹಳ ಅನುಕೂಲ.

ಮೇ ತಿಂಗಳಲ್ಲಿ ಹುಬ್ಬಳ್ಳಿಯಿಂದ ನನ್ನ ಭಾವ ಬಂದಿದ್ದರು. ವಾರಗಟ್ಟಲೆ ನೀರು ಕಾಯುವುದರಲ್ಲಿ ನುರಿತ ಊರಿನವರು. ನಮ್ಮ ಎರಡನೆಯ ನಳವನ್ನು ತಿರುಗಿಸಿ, ಕಿವಿಯಿಟ್ಟು ಕೇಳಿ, “ನಮ್ಮಲ್ಲಿ ತಡಾ ಆದ್ರೂ ಬರತದಪ್ಪಾ” ಎಂದಷ್ಟೇ ಹೇಳಿ ಸ್ನಾನಕ್ಕೆ ಹೋದರು. ಅರ್ಧ ಬಕೆಟ್ಟಿನಲ್ಲಿ ಮುಗಿಸಿ ಬಂದರು.

ಆ ನಳ ಸದ್ದು ಮಾಡಿದ್ದು ಅವರು ಹೋದ ಎರಡು ವಾರಗಳ ಬಳಿಕ. ಒಂದು ಮಧ್ಯಾಹ್ನ ಬಟ್ಟೆಯ ಅಡಿಯಿಂದ ಬುಸ್ಸೆಂಬ ಶಬ್ದ ಕೇಳಿ ನನ್ನ ಹೆಂಡತಿ ಹಾವೆಂದು ಹೆದರಿ ಹಿಂದೆ ಸರಿದಳು. ಕೆಳಗಿನ ಮಹಡಿಗಳಲ್ಲೂ ಅದೇ ಸದ್ದು. ಹೊಸ ಕೊಳವೆಯನ್ನು ಎಲ್ಲಿಯೋ ಪರೀಕ್ಷಿಸುತ್ತಿದ್ದರಂತೆ. ಹತ್ತು ನಿಮಿಷ ಗಾಳಿ ಬಂತು, ಗಾಳಿಯ ಹಿಂದೆ ಕೆಂಪು ಬಣ್ಣದ ಒಂದು ಚಮಚೆಯಷ್ಟು ದ್ರವ ಬಂತು, ಮತ್ತೆ ಎಲ್ಲವೂ ಶಾಂತವಾಯಿತು. ಮೂರನೆಯ ಮಹಡಿಯವರು ಸಂತೋಷ ತಡೆಯಲಾರದೆ ವಾಟ್ಸಾಪ್ ಗುಂಪಿನಲ್ಲಿ “ನೀರು ಬಂತು” ಎಂದು ಬರೆದು ಭಾವಚಿತ್ರವನ್ನೂ ಹಾಕಿದರು.

ಆ ಗುಂಪಿನಲ್ಲಿ ಬಿಲ್ಡರನ ಕಡೆಯ ವ್ಯವಸ್ಥಾಪಕರೂ ಇದ್ದಾರೆಂಬುದನ್ನು ಎಲ್ಲರೂ ಮರೆತಿದ್ದರು. ನಾಲ್ಕನೆಯ ದಿನ ಸೊಸೈಟಿಗೆ ರಿಜಿಸ್ಟರ್ಡ್ ಪತ್ರ ಬಂತು. ಸಾರ್ವಜನಿಕ ನೀರಿನ ಪೂರೈಕೆ ಆರಂಭವಾದದ್ದಕ್ಕೆ ಹಾರ್ದಿಕ ಅಭಿನಂದನೆಗಳನ್ನು ತಿಳಿಸಿ, ಪೂರೈಕೆ ಆರಂಭವಾಗುವವರೆಗೆ ಎಂದು ತಾವು ಬರೆದುಕೊಟ್ಟಿದ್ದ ಮುಚ್ಚಳಿಕೆಯು ಅಂದಿನಿಂದಲೇ ಮುಕ್ತಾಯಗೊಂಡಿದೆಯೆಂದು ವಿನಯಪೂರ್ವಕವಾಗಿ ಸೂಚಿಸಿ, ಆ ನಾಲ್ಕು ದಿನಗಳ ಟ್ಯಾಂಕರ್ ಬಿಲ್ಲನ್ನು ಅದರೊಂದಿಗೆ ಲಗತ್ತಿಸಲಾಗಿತ್ತು.