ಬೆಟ್ಟ ಇಳಿದವರ ತೊಡೆನೋವು

ಬೆಳಗಿನ ಆರೂವರೆಯ ಜಿಮ್‌ಗಳಲ್ಲಿ ‘ತಿಂಡಿ ಆಯ್ತಾ’ ಎಂಬ ಪ್ರಶ್ನೆಯ ಜಾಗಕ್ಕೆ ಇನ್ನೊಂದು ಬಂದು ಕೂತಿದೆ: ‘ಮೊನ್ನೆ ಲೆಗ್ಸ್ ಮಾಡಿದ್ರಲ್ಲಾ, ಹಿಡ್ಕೊಂಡಿದೆಯಾ?’ ಹಿಡ್ಕೊಂಡಿದೆ ಅಂದವರ ಮುಖದಲ್ಲಿ ರ‍್ಯಾಂಕ್ ಬಂದ ಕಳೆ. ಇಲ್ಲ ಅಂದವರನ್ನು ಟ್ರೇನರ್ ಅನುಮಾನದಿಂದ ನೋಡಿ, ‘ಹಾಗಾದ್ರೆ ಇವತ್ತು ಇನ್ನೆರಡು ಸೆಟ್ ಹಾಕೋಣ’ ಅನ್ನುತ್ತಾನೆ. ವರ್ಷದ ಫೀಸು ಒಟ್ಟಿಗೇ ಕಟ್ಟಿದವರಿಗೂ ಹಾಗೇ. ನೋವಾದರೂ ಬರದಿದ್ದರೆ ದುಡ್ಡು ದಂಡವಾಯಿತೆಂದೇ ಲೆಕ್ಕ. ಕಮೋಡಿನ ಮೇಲೆ ಕೂರುವಾಗ ಗೋಡೆ ಹಿಡಿಯಬೇಕಾಗಿ ಬಂದರೆ ವ್ಯಾಯಾಮ ಫಲಿಸಿತು ಅಂತ ಅರ್ಥವಂತೆ. ಅದು ನಿಜವಾಗಿದ್ದರೆ, ಹೋಂವರ್ಕ್ ಮಾಡದೆ ನೂರು ಬಸ್ಕಿ ಹೊಡೆದ ಹುಡುಗರೆಲ್ಲ ಇಷ್ಟೊತ್ತಿಗೆ ದಸರಾ ಕುಸ್ತಿಯ ಅಖಾಡದಲ್ಲಿ ಇರಬೇಕಿತ್ತು.

‘ಲ್ಯಾಕ್ಟಿಕ್ ಆಸಿಡ್ ತುಂಬ್ಕೊಂಡಿದೆ ಸರ್, ಸ್ವಲ್ಪ ಸ್ಟ್ರೆಚ್ ಮಾಡಿ’ ಎಂಬ ಮಾತಂತೂ ಸಾಯುವುದೇ ಇಲ್ಲ. ಬಿರುಸಾಗಿ ದುಡಿದಾಗ ಸ್ನಾಯುವಿನಲ್ಲಿ ಏರುವ ಈ ಆಸಿಡ್ (ಲ್ಯಾಕ್ಟೇಟ್) ತಾಸೊಪ್ಪತ್ತಿನಲ್ಲಿ ಮೊದಲಿನ ಮಟ್ಟಕ್ಕೆ ಇಳಿದಿರುತ್ತದೆ. ಈ ನೋವು ಶುರುವಾಗುವುದೇ ಹನ್ನೆರಡು ಗಂಟೆ ಕಳೆದ ಮೇಲೆ, ಜೋರಾಗುವುದು ಎರಡನೇ ಮೂರನೇ ದಿನ. ಮನೆ ಬಿಟ್ಟು ಹೋದವನ ಮೇಲೆ ಮಾರನೇ ದಿನದ ಕಳ್ಳತನ ಹೊರಿಸಿದ ಹಾಗಾಯಿತು. ನೋವಿನ ಮೂಲ ಸ್ನಾಯುವಿನೊಳಗಿನ ಎಳೆಗಳು ಅಲ್ಲಲ್ಲಿ ಸಣ್ಣಗೆ ಹರಿದಿರುವುದೇ ಇರಬೇಕು ಅಂತ ಅಮೆರಿಕದ ಥಿಯೊಡೋರ್ ಹಫ್ 1902ರಲ್ಲೇ ಬರೆದಿದ್ದ. ಸ್ಟ್ರೆಚ್ ಮಾಡಿದರೆ ಮಾರನೇ ದಿನದ ನೋವು ಕಡಿಮೆಯಾಗುವುದು ಹೆಸರಿಗಷ್ಟೆ. ಎಣ್ಣೆ ಹಚ್ಚಿ ತಿಕ್ಕಿಸಿಕೊಂಡರೆ ಕೊಂಚ ಹಾಯೆನಿಸುತ್ತದೆ, ಅಷ್ಟು ನಿಜ.

ಈ ನೋವಿನ ಗುಟ್ಟು ತಿಳಿಯಲು ಜಿಮ್ಮೇ ಬೇಕಿಲ್ಲ, ಮೈಸೂರಿನವರಿಗೆ ಚಾಮುಂಡಿ ಬೆಟ್ಟ ಸಾಕು. ಪಾದದಿಂದ ತುದಿಯವರೆಗೆ ಸಾವಿರದ ಚಿಲ್ಲರೆ ಮೆಟ್ಟಿಲು, 1008 ಎಂಬುದು ವಾಡಿಕೆಯ ಲೆಕ್ಕ. 17ನೇ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರ ಕಾಲಕ್ಕೆ ಆದದ್ದು. ಮೊದಲ ಭಾಗ ಕಡಿದು, ಉಸಿರು ಕಟ್ಟಿಸುತ್ತದೆ. ಸುಮಾರು ಏಳುನೂರನೇ ಮೆಟ್ಟಿಲ ಹತ್ತಿರ ದೊಡ್ಡ ನಂದಿ ಸಿಗುತ್ತಾನೆ. ಸುಸ್ತನ್ನು ಭಕ್ತಿಯ ಹೆಸರಲ್ಲಿ ಕಳೆಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಎದೆ ಡವಗುಟ್ಟಿ, ಅಂಗಿ ಒದ್ದೆಯಾಗಿ, ಕೊನೆಗೆ ದೇವಸ್ಥಾನ ಮುಟ್ಟಿ ದರ್ಶನವಾದ ಮೇಲೆ ಇಳಿಯುವ ಕೆಲಸ. ಇಳಿಯುವಾಗ ಏದುಸಿರಿಲ್ಲ. ಯಾವ ಹೋಟೆಲಿನಲ್ಲಿ ದೋಸೆ ತಿನ್ನಬೇಕು ಎಂಬ ಚರ್ಚೆ ಪಾದ ಬರುವ ಹೊತ್ತಿಗೆ ಇತ್ಯರ್ಥವಾಗಿರುತ್ತದೆ. ಭಾನುವಾರ ಇಷ್ಟು ಚೆನ್ನಾಗಿ ಕಳೆದವರು ಮಂಗಳವಾರ ಮನೆಯ ಮೆಟ್ಟಿಲನ್ನು ಕಂಬಿ ಹಿಡಿದು ಅಡ್ಡಡ್ಡವಾಗಿ ಇಳಿಯುತ್ತಾ, ‘ಬೆಟ್ಟ ಹತ್ತಿದ್ದು ಜಾಸ್ತಿಯಾಯ್ತು’ ಅನ್ನುತ್ತಾರೆ.

ಹತ್ತಿದ್ದಲ್ಲ ಸ್ವಾಮಿ, ಇಳಿದದ್ದು. ಬಲಗಾಲನ್ನು ಕೆಳಗಿನ ಮೆಟ್ಟಿಲಿಗೆ ಚಾಚಿದಾಗ ಮೇಲೆ ಉಳಿದ ಎಡಗಾಲಿನ ಮಂಡಿ ಮಡಿಚುತ್ತದೆ. ಇಡೀ ಮೈಭಾರವನ್ನು ಆ ಒಂದು ತೊಡೆ ಮೆಲ್ಲಗೆ ಕೆಳಗೆ ಬಿಡಬೇಕು. ಸ್ನಾಯು ಬಿಗಿದು ದುಡಿಯುತ್ತಲೇ ಉದ್ದವಾಗುವ ಗಳಿಗೆ ಅದು, ಎಳೆಗಳಿಗೆ ಏಟು ಬೀಳುವುದೂ ಆಗಲೇ. ಒಂದೊಂದು ಕಾಲಿಗೂ ಐನೂರು ಸಲ. ಹೀಗೆ ಇಳಿಸುವ ಕೆಲಸಕ್ಕೆ ಏರಿಸುವುದಕ್ಕಿಂತ ಎಷ್ಟೋ ಕಡಿಮೆ ಶಕ್ತಿ ಸಾಕು, ಅದಕ್ಕೇ ಮೈ ಎಚ್ಚರಿಕೆಯನ್ನೇ ಕೊಡುವುದಿಲ್ಲ. 1983ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಟ್ರೆಡ್‌ಮಿಲ್ ಮೇಲೆ ಸಮತಟ್ಟಿನಲ್ಲಿ ಓಡಿದವರಿಗೆ ಲ್ಯಾಕ್ಟಿಕ್ ಆಸಿಡ್ ಏರಿತ್ತು, ನೋವು ಬರಲಿಲ್ಲ. ಇಳಿಜಾರಿನಲ್ಲಿ ಓಡಿದವರಿಗೆ ಆಸಿಡ್ ಏರಲಿಲ್ಲ, ನೋವು ಬಂತು. ಆಷಾಢ ಶುಕ್ರವಾರ ಪ್ರತಿ ಮೆಟ್ಟಿಲಿಗೂ ಬಗ್ಗಿ ಅರಿಸಿನ ಕುಂಕುಮ ಹಚ್ಚುತ್ತಾ ಹೋಗುವ ಹೆಂಗಸರಿಗೆ ನೋವು ತೊಡೆಯ ಹಿಂಭಾಗದಲ್ಲಿ, ಕುಂಡೆಯ ಕೆಳಗೆ. ಬರೀ ಇಳಿದು ಬಂದವರಿಗೆ ತೊಡೆಯ ಮುಂದೆ. ಯಾವ ಸ್ನಾಯು ಹಿಗ್ಗಿಕೊಂಡು ಭಾರ ಹೊತ್ತಿತೋ ಅಲ್ಲೇ.

ಇನ್ನೂ ಒಂದು ವರ್ಗದವರಿದ್ದಾರೆ. ಸಿಟಿ ಬಸ್ಸಿನಲ್ಲಿ ಮೇಲೆ ಹೋಗಿ, ‘ಇಳಿಯೋದು ಸುಲಭ’ ಅಂತ ಮೆಟ್ಟಿಲು ಹಿಡಿಯುವವರು. ಎದೆಗೆ, ಶ್ವಾಸಕೋಶಕ್ಕೆ ಆಗುವ ಲಾಭವನ್ನು ಬಸ್ಸಿಗೆ ಬಿಟ್ಟು ನೋವನ್ನು ಮಾತ್ರ ತಮಗೆ ಇಟ್ಟುಕೊಳ್ಳುತ್ತಾರೆ. ಇಳಿಯುವುದರಿಂದ ತೊಡೆಗೆ ಬಲ ಬಾರದು ಎಂದಲ್ಲ, ಬರುತ್ತದೆ. ಆದರೆ ಪ್ರತಿ ಭಾನುವಾರ ಹತ್ತಿ ಇಳಿಯುವ, ಅರವತ್ತು ದಾಟಿದ ಗುಂಪನ್ನು ಕೇಳಿ ನೋಡಿ: ಅವರಿಗೆ ನೋವೇ ಇಲ್ಲ. ಒಮ್ಮೆ ಹೀಗೆ ಏಟು ತಿಂದ ಸ್ನಾಯು ಮುಂದಿನ ಹಲವು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ, ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ. ಜಿಮ್‌ನ ಲೆಕ್ಕದಲ್ಲಿ ಹೇಳುವುದಾದರೆ ಈ ಹಿರಿಯರದ್ದು ವರ್ಷಗಳಿಂದ ವ್ಯರ್ಥ ವ್ಯಾಯಾಮ.

ಬೆಟ್ಟದಲ್ಲೇ ಬಹಳ ಹೊತ್ತಾಯಿತು. ಜಿಮ್‌ನಲ್ಲೂ ಇದೇ ಕಥೆ. ಸೊಂಟ ಬಗ್ಗಿಸಿ ಭಾರ ಇಳಿಸಿ ಎತ್ತುವ ರೊಮೇನಿಯನ್ ಡೆಡ್‌ಲಿಫ್ಟ್, ಒಂದು ಕಾಲು ಮುಂದಿಟ್ಟು ಮಂಡಿ ಮಡಿಚುವ ಲಂಜ್, ಮಲಗಿ ಕೈ ಅಗಲಿಸುವ ಡಂಬೆಲ್ ಫ್ಲೈ: ಹಿಗ್ಗಿದ ಸ್ನಾಯುವಿನಲ್ಲಿ ಭಾರ ಇಳಿಸುವ ಇವುಗಳನ್ನು ಹೊಸದಾಗಿ ಮಾಡಿದರೆ ನೋವು ಗ್ಯಾರಂಟಿ. ನೆಲದ ಮೇಲೆ ಜಾರುವ, ತೂಕ ಹೇರಿದ ಸ್ಲೆಡ್ ಎಂಬ ಗಾಡಿಯನ್ನು ತಳ್ಳುವುದರಲ್ಲಿ ಇಳಿಸುವ ಹಂತವೇ ಇಲ್ಲ. ತೊಡೆ ಬೆಂಕಿಯಾಗುತ್ತದೆ, ಮಾರನೇ ದಿನ ನೋವಿಲ್ಲ. ವಾರಕ್ಕೊಂದು ಹೊಸ ವ್ಯಾಯಾಮ ತಂದು ‘ಮಸಲ್‌ಗೆ ಶಾಕ್ ಕೊಡಬೇಕು’ ಅನ್ನುವ ಟ್ರೇನರ್‌ಗೆ ಗಿರಾಕಿಗಳ ನೋವು ಎಂದೂ ಕಡಿಮೆಯಾಗುವುದಿಲ್ಲ, ಯಾವ ವಾರದ ಲೆಕ್ಕವನ್ನೂ ಇನ್ನೊಂದರ ಜೊತೆ ಹೋಲಿಸಲು ಬರುವುದಿಲ್ಲ. ಇದು ಅಜ್ಞಾನವೋ ವ್ಯಾಪಾರವೋ ಎಂಬ ಅನುಮಾನ ಇದ್ದೇ ಇದೆ. ಅಮೆರಿಕದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಗುಂಪನ್ನು ಮೂರು ವಾರ ಮೆಲ್ಲಗೆ ಪಳಗಿಸಿ, ಇನ್ನೊಂದನ್ನು ನೇರ ಕೆಲಸಕ್ಕೆ ತಳ್ಳಿದರು. ಎರಡನೆಯವರು ನೋವುಂಡರು, ಮೊದಲಿನವರಿಗೆ ಅಂಥದ್ದೇನೂ ಇಲ್ಲ. ಕೊನೆಯಲ್ಲಿ ತೊಡೆಯ ಗಾತ್ರ, ಬಲ ಎರಡೂ ಗುಂಪಿಗೆ ಹೆಚ್ಚುಕಡಿಮೆ ಸಮ. ಬ್ರೆಜಿಲ್‌ನವರು 2016ರಲ್ಲಿ ತೋರಿಸಿದ್ದೂ ಇದರ ಪಕ್ಕದ ಸಂಗತಿಯೇ: ಮೊದಮೊದಲ ವ್ಯಾಯಾಮದ ನಂತರ ಸ್ನಾಯು ಕಟ್ಟಿಕೊಳ್ಳುವ ಪ್ರೋಟೀನಿನ ಬಹುಭಾಗ ರಿಪೇರಿಗೇ ಹೋಗುತ್ತದೆ, ಏಟು ತಗ್ಗಿದ ಮೇಲಷ್ಟೇ ಅದು ಬೆಳವಣಿಗೆಯ ಲೆಕ್ಕಕ್ಕೆ ತಾಳೆಯಾಗುತ್ತದೆ.

ಸಣ್ಣ ನೋವಿದ್ದರೆ ನಡೆದಾಡಿ, ಬೇರೆ ಭಾಗದ ವ್ಯಾಯಾಮ ಮಾಡಿ. ಕೈ ಊರದೆ ಕುರ್ಚಿಯಲ್ಲಿ ಕೂರಲಾಗದಷ್ಟಿದ್ದರೆ ಆ ಸ್ನಾಯುವಿನ ಬಲವೂ ಇಳಿದಿರುತ್ತದೆ, ಎರಡು ದಿನ ಬಿಡಿ. ಎತ್ತುವಾಗಲೇ ಚುಚ್ಚಿದ ನೋವು, ಕೀಲಿನೊಳಗಿನ ನೋವು ಈ ಲೆಕ್ಕಕ್ಕೆ ಸೇರಿದವಲ್ಲ. ಕೈಕಾಲು ಊದಿಕೊಂಡು ಮೂತ್ರ ಕೋಲಾದ ಬಣ್ಣಕ್ಕೆ ತಿರುಗಿದರೆ ಟ್ರೇನರ್‌ನನ್ನು ಕೇಳುತ್ತಾ ಕೂರದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸ್ನಾಯು ಕರಗಿ ಕಿಡ್ನಿಗೆ ಅಪಾಯ ತರುವ ಹಂತ ಅದು.

ಹಾಗಾದರೆ ವ್ಯಾಯಾಮ ಫಲಿಸಿತೋ ಇಲ್ಲವೋ ಗೊತ್ತಾಗುವುದು ಹೇಗೆ? ಬರೆದಿಟ್ಟುಕೊಂಡರೆ ಗೊತ್ತಾಗುತ್ತದೆ. 40 ಕೆ.ಜಿ. ಹೊತ್ತು ಸ್ಕ್ವಾಟ್ (ಬಸ್ಕಿಯೇ), ಸಲಕ್ಕೆ ಎಂಟರಂತೆ ಮೂರು ಸೆಟ್; ಮುಂದಿನ ವಾರ ಒಂಬತ್ತು; ಮೂರೂ ಸೆಟ್ ಹನ್ನೆರಡಕ್ಕೆ ಮುಟ್ಟಿದಾಗ ಎರಡೂವರೆ ಕೆ.ಜಿ. ಏರಿಸಿ ಮತ್ತೆ ಎಂಟರಿಂದ. ತಕರಾರು ಶುರುವಾಗುವುದೇ ಇಲ್ಲಿ. ತೂಕ ಸಿಕ್ಕಿಸುವ ಕಬ್ಬಿಣದ ಬಾರ್‌ಗೆ ಎರಡೂವರೆ ಏರಿಸಲು ಎರಡೂ ತುದಿಗೆ ಒಂದೂಕಾಲು ಕೆ.ಜಿ.ಯ ಪ್ಲೇಟ್ ಬೇಕು. ನಿಯಾನ್ ದೀಪ, ಸೂರಿನವರೆಗಿನ ಕನ್ನಡಿ, ಪ್ರೋಟೀನ್ ಶೇಕಿನ ಕೌಂಟರ್ ಎಲ್ಲ ಇರುವ ಜಿಮ್‌ನಲ್ಲಿ ಅದೊಂದು ಇರುವುದಿಲ್ಲ. ಎರಡೂವರೆಯದೇ ಸಣ್ಣದು, ಅಂದರೆ ಏರಿಸಿದರೆ ಐದು. ಅರವತ್ತರ ಸ್ಕ್ವಾಟ್‌ಗೆ ಐದು ಸೇರಿದರೆ ಹನ್ನೆರಡನೇ ಒಂದು ಪಾಲು, ಹೇಗೋ ನಡೆಯುತ್ತದೆ. ಮೂವತ್ತರ ಶೋಲ್ಡರ್ ಪ್ರೆಸ್‌ಗೆ ಸೇರಿದರೆ ಆರನೇ ಒಂದು ಪಾಲು. ಭುಜದ ವ್ಯಾಯಾಮ ತಿಂಗಳುಗಟ್ಟಲೆ ಮೂವತ್ತರಲ್ಲೇ ನಿಲ್ಲುವುದು ಇದೇ ಕಾರಣಕ್ಕೆ. ಟ್ರೇನರ್ ಅದಕ್ಕೆ ಡಯಟ್ ಸರಿಯಿಲ್ಲ ಅನ್ನುತ್ತಾನೆ. ಸ್ವಂತಕ್ಕೆ ಒಂದು ಜೊತೆ ಕೊಳ್ಳುವವರು ಬಾರಿನ ತುದಿ ಅಳೆದುಕೊಂಡೇ ಅಂಗಡಿಗೆ ಹೋಗಿ: ದಪ್ಪ ತುದಿಯದ್ದಕ್ಕೆ 50 ಮಿ.ಮೀ. ತೂತಿನ ಪ್ಲೇಟ್, ಸಣಕಲು ಬಾರಿಗೆ ಅದರ ಅರ್ಧದಷ್ಟು ತೂತಿನದು, ಅದಲುಬದಲಾದರೆ ಕೂರುವುದಿಲ್ಲ. ಪೇಂಟಿನಲ್ಲಿ ಹೆಸರನ್ನೂ ಬರೆದಿಡಿ. ಇಲ್ಲದಿದ್ದರೆ ವಾರದೊಳಗೆ ಬಾತ್‌ರೂಮಿನ ಬಾಗಿಲು ಮುಚ್ಚದಂತೆ ಅಡ್ಡ ಇಟ್ಟಿರುತ್ತಾರೆ.