ಸೈನೈಡ್ ದಿಬ್ಬದ ಮೇಲೊಂದು ಬಿಳಿ ಗೌನ್

ನಿನ್ನೆ ಅಮ್ಮನನ್ನು ನೋಡಿಕೊಂಡು ಬರೋಣ ಅಂತ ಕೆಜಿಎಫ್‌ಗೆ ಹೋಗಿದ್ದೆ. ದಾರಿಯಲ್ಲಿ ತಲೆ ಎತ್ತಿದರೆ ಸೈನೈಡ್ ದಿಬ್ಬದ ಮೇಲೆ ಒಬ್ಬಳು ಮದುಮಗಳು! ನೆಲ ಗುಡಿಸುವಷ್ಟು ಉದ್ದದ ಬಿಳಿ ಗೌನ್, ಪಕ್ಕದಲ್ಲಿ ಕೋಟು ತೊಟ್ಟು ಬೆವರುತ್ತಿದ್ದ ಹುಡುಗ, ಕೆಳಗೆ ಕ್ಯಾಮೆರಾದವರು. ಪ್ರೀ ವೆಡ್ಡಿಂಗ್ ಶೂಟ್ ಅಂತೆ. ಆ ಸಿನಿಮಾ ಬಂದ ಮೇಲೆ ನಮ್ಮೂರಿಗೆ ಸಿಕ್ಕಿದ ಹೊಸ ಉದ್ಯೋಗ ಇದು.

ನನ್ನ ಫ್ರೆಂಡ್ ಲಿಸ್ಟಿನಲ್ಲಿರುವ ಅರ್ಧ ಜನ ಆ ದಿಬ್ಬದಲ್ಲಿ ಜಾರಿ ಚಡ್ಡಿ ಹರಿದುಕೊಂಡವರೇ, ನಿಮಗೆ ಹೇಳಬೇಕಿಲ್ಲ. ಉಳಿದವರು ಕೇಳಿ, ಅದು ಮರಳಲ್ಲ. ಅದಿರನ್ನು ಪುಡಿ ಮಾಡಿ, ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸಿ ತೆಗೆದುಕೊಂಡ ಮೇಲೆ ಉಳಿದ ಗಸಿ. ನೂರು ವರ್ಷ ಸುರಿದದ್ದು. ಆಷಾಢದ ಗಾಳಿ ಎದ್ದರೆ ಅಮ್ಮ ಇವತ್ತಿಗೂ ಸಂಡಿಗೆಯನ್ನು ಬಿಸಿಲಿಗೆ ಇಡುವುದಿಲ್ಲ.

ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಮುಚ್ಚಿದ್ದು ಎಲ್ಲಿ ಬಂತು, ಬೀಗ ಹಾಕಿದ್ದು. ಎರಡಕ್ಕೂ ವ್ಯತ್ಯಾಸ ಇದೆ ಅಂತ ಹೇಳಿ ಹೇಳಿ ನನ್ನ ಮನೆಯವರಿಗೆ ಸಾಕಾಗಿದೆ, ಈಗ ನಿಮ್ಮ ಸರದಿ.

ಈಗ ಎಲ್ಲಿ ನೋಡಿದರೂ ಕಲ್ಲಿದ್ದಲಿನ ಮಾತು. ಕಲ್ಲಿದ್ದಲು ನಿಂತರೆ ಆ ಊರುಗಳ ಗತಿ ಏನು, ಅಗೆದ ನೆಲವನ್ನು ಏನು ಮಾಡುವುದು ಅಂತ. ಜರ್ಮನಿಯ ರೂರ್ ಕಡೆಯದ್ದನ್ನು ನಾನು ಕೂತು ಓದಿದೆ. ಅಲ್ಲಿ ಕಲ್ಲಿದ್ದಲು ಗಣಿಗಳಿಗೆ ಕೊಡುವ ಸಬ್ಸಿಡಿ ನಿಲ್ಲಿಸೋಣ ಅಂತ ತೀರ್ಮಾನ ಮಾಡಿದ್ದು 2007ರಲ್ಲಿ. ಕೊನೆಯ ಗಣಿ ನಿಂತದ್ದು 2018ರ ಡಿಸೆಂಬರ್‌ನಲ್ಲಿ, ಬೋಟ್ರೋಪ್ ಅನ್ನುವ ಊರಲ್ಲಿ. ಹನ್ನೊಂದು ವರ್ಷ ಸಮಯ ಸ್ವಾಮಿ! ಗಣಿಯಲ್ಲಿದ್ದ ನಮ್ಮ ಅಪ್ಪನಿಗೆ ಹನ್ನೊಂದು ವಾರವಾದರೂ ನೆಟ್ಟಗೆ ಸಿಕ್ಕಿತ್ತಾ? ಅಲ್ಲಿ ಗಣಿ ನಿಂತರೂ ಪಂಪು ಮಾತ್ರ ನಿಂತಿಲ್ಲ. ಒಳಗೆ ಅಗೆದು ಅಗೆದು ಮೇಲಿನ ನೆಲ ಕುಸಿದಿದೆ, ನೀರೆತ್ತುವುದು ನಿಲ್ಲಿಸಿದರೆ ಊರಿಗೆ ಊರೇ ಕೆರೆ. ಅದಕ್ಕೇ ಶಾಶ್ವತವಾಗಿ ನೀರೆತ್ತಬೇಕು ಅಂತ ಗೊತ್ತಿದ್ದು, ಆ ಖರ್ಚಿಗೆ ಒಂದು ಪ್ರತಿಷ್ಠಾನ ಕಟ್ಟಿ ದುಡ್ಡು ತೆಗೆದಿಟ್ಟಿದ್ದಾರೆ.

ನಮ್ಮಲ್ಲಿ ಗೇಟಿಗೆ ಬೀಗ, ಪಂಪಿಗೂ ಬೀಗ. ಮೂರು ಕಿಲೋಮೀಟರ್‌ಗೂ ಆಳದ ಗಣಿ, ಒಳಗೆಲ್ಲಾ ನೀರು. ಮೇಲೆ ನಮ್ಮ ಅಮ್ಮ ಟ್ಯಾಂಕರ್‌ಗೆ ಫೋನ್ ಮಾಡುತ್ತಾಳೆ.

"ಜರ್ಮನಿಯ ಹತ್ತಿರ ದುಡ್ಡಿದೆ ಮಾರಾಯ, ನಮಗೂ ಅವರಿಗೂ ಹೋಲಿಕೆನಾ?" ಅಂತ ಒಬ್ಬರು ಬಂದೇ ಬರುತ್ತೀರಿ. ಬನ್ನಿ. ಒಪ್ಪಿದೆ, ದುಡ್ಡಿದೆ. ಅಷ್ಟೆಲ್ಲಾ ಮಾಡಿದರೂ ಅಲ್ಲಿನ ಗೆಲ್ಸೆನ್‌ಕಿರ್ಖೆನ್‌ನಂಥ ಊರಲ್ಲಿ ಕೆಲಸ ಇಲ್ಲದವರು ಇನ್ನೂ ಬಹಳ ಇದ್ದಾರೆ, ಅದನ್ನೂ ಒಪ್ಪುತ್ತೇನೆ. ಆದರೆ ನಮ್ಮ ಗಣಿಯಿಂದ ಸುಮಾರು 800 ಟನ್ ಚಿನ್ನ ಹೋಯಿತಲ್ಲ, ಅದೇನು ಕಡಲೆಕಾಯಿನಾ? ಗಣಿಗೆ ಬೇಕು ಅಂದಾಗ 1902ರಲ್ಲೇ, ಬೆಂಗಳೂರಿಗಿಂತ ಮೊದಲೇ, ಶಿವನಸಮುದ್ರದಿಂದ ಕರೆಂಟು ಎಳೆದು ತಂದರಲ್ಲ. ತೆಗೆಯುವಾಗ ಎಲ್ಲಾ ಆಗುತ್ತೆ. ತೆಗೆದ ಮೇಲೆ ನೆಲ ಸರಿ ಮಾಡಿ ಅಂದರೆ ಮಾತ್ರ ನಾವು ಬಡ ದೇಶ. ನಮ್ಮ ದೇಶದಲ್ಲೇ ಕಲ್ಲಿದ್ದಲು ಗಣಿಯವರು ಮುಚ್ಚುವ ಖರ್ಚನ್ನು ಮೊದಲೇ ಬ್ಯಾಂಕಿನಲ್ಲಿ ಕಟ್ಟಿಡಬೇಕು ಅಂತ 2009ರಲ್ಲಿ ನಿಯಮ ಬಂತು. ನಮಗೆ ಬೀಗ ಬಿದ್ದು ಎಂಟು ವರ್ಷ ಆದ ಮೇಲೆ! ಆ ನಿಯಮದಂತೆ ಎಲ್ಲರೂ ನಡೆದುಕೊಳ್ಳುತ್ತಾರೆ ಅಂತ ನಾನೇನೂ ಸಹಿ ಹಾಕಿ ಕೊಡುವುದಿಲ್ಲ ಬಿಡಿ.

ಇನ್ನು 2024ರಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿದ್ದು ಯಾವುದಕ್ಕೆ ಗೊತ್ತಲ್ಲ? 13 ದಿಬ್ಬಗಳಲ್ಲಿ ಉಳಿದಿರುವ ಚಿನ್ನವನ್ನೂ ತೆಗೆಯುವುದಕ್ಕೆ. ಎಲೆ ಎತ್ತುವ ಮೊದಲು ಇನ್ನೊಂದು ಸಲ ಸಾರು ಬಳಿದುಕೊಂಡ ಹಾಗೆ. ತೆಗೆಯಲಿ, ಬೇಡ ಅನ್ನುವುದಿಲ್ಲ. ನಾಲ್ಕು ಜನಕ್ಕೆ ಕೆಲಸ ಸಿಗುತ್ತೆ. ತೆಗೆದ ಮೇಲೆ ಏನು? ಮತ್ತೆ ಬೀಗ ತಾನೇ?

ಇಷ್ಟು ಕೂಗಾಡುವ ನಾನೇನು ದೊಡ್ಡ ಸಾಚಾ ಅಲ್ಲ. ಬೀಗ ಬಿದ್ದ ವರ್ಷ ಅಪ್ಪನ ಕೈಗೆ ಬಂದ ದುಡ್ಡಿನಲ್ಲಿ ಡಿಪ್ಲೊಮಾ ಮುಗಿಸಿ ಬೆಂಗಳೂರಿಗೆ ಓಡಿದವನು ನಾನು. ಅಪ್ಪ ಉಳಿದದ್ದರಲ್ಲಿ ಒಂದು ಆಟೋ ತೆಗೆದರು, ಓಡಿಸಲು ಊರಲ್ಲಿ ಪ್ಯಾಸೆಂಜರ್ ಎಲ್ಲಿದ್ದರು? ಎಲ್ಲರೂ ಬೆಳಗಿನ ರೈಲು ಹತ್ತಿ ಹೋಗಿದ್ದರು. ಮಾರಿದರು. ಆಮೇಲೆ ಅಪ್ಪ ಕೆಮ್ಮುತ್ತಾ ಕೂತಿರುತ್ತಿದ್ದರು, ನಾನು ತಿಂಗಳಿಗೊಂದು ಸಲ ಬಂದು ಹಣ್ಣು ಕೊಟ್ಟು ಹೋಗುತ್ತಿದ್ದೆ. ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ.

ನಿನ್ನೆ ತಡೆಯಲಾರದೆ ಗಾಡಿ ನಿಲ್ಲಿಸಿ ಬೈಯೋಣ ಅಂತಲೇ ಇಳಿದೆ. ಮುಖಕ್ಕೆ ಬಟ್ಟೆ ಕಟ್ಟಿಕೊಂಡಿದ್ದ ಫೋಟೋಗ್ರಾಫರ್ ಹುಡುಗನನ್ನು "ಯಾವೂರಪ್ಪ ನಿಂದು, ಇದೇನು ಗೊತ್ತಾ?" ಅಂತ ಕೇಳಿದೆ. "ಇಲ್ಲಿಯವನೇ ಅಣ್ಣ, ಮಾರಿಕುಪ್ಪಂ. ತಾತ ಗಣಿಯಲ್ಲಿದ್ದರು" ಅಂದ. ವಾರವೆಲ್ಲಾ ಬೆಂಗಳೂರಿಗೆ ರೈಲಲ್ಲಿ ಓಡಾಟವಂತೆ, ಭಾನುವಾರ ಈ ಶೂಟ್. ಬೈಗುಳ ಗಂಟಲಲ್ಲೇ ಉಳಿಯಿತು. ಗಾಳಿ ಏಳುತ್ತಿದೆ, ಇಳಿದುಬಿಡಿ ಅಂತಷ್ಟೇ ಹೇಳಿದೆ.

"ಅದಕ್ಕೇ ಕಾಯ್ತಾ ಇದ್ದೀವಿ ಅಣ್ಣ" ಅಂದ. "ಧೂಳು ಎದ್ದರೇನೇ ಎಫೆಕ್ಟ್ ಚೆನ್ನಾಗಿ ಬರೋದು."