ಪಥ್ಯದ ಆರು ತಿಂಗಳು ಯಾರಿಗಾಗಿ?

ವಿಮಾ ಕಂಪನಿ ಹೇಳಿತೆಂದು ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಮುನ್ನ ಆರು ತಿಂಗಳು ಪಥ್ಯ ಮಾಡಿ ತೋರಿಸಬೇಕೆಂಬ ನಿಯಮವನ್ನು ನಾನು ಒಪ್ಪುವುದಿಲ್ಲ. ಆದರೂ ಆ ಪಥ್ಯವನ್ನು ನಿಷ್ಠೆಯಿಂದ ಮಾಡುತ್ತಿದ್ದೇನೆ. ಈ ಎರಡು ಮಾತುಗಳಲ್ಲಿ ವಿರೋಧವಿದೆಯೆಂದು ಕೆಲವರಿಗೆ ಅನಿಸಬಹುದು. ನನಗೆ ಅನಿಸುವುದಿಲ್ಲ.

ನಾನು ಧಾರವಾಡದವನು, ಈಗ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿದ್ದೇನೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ತೊಂದರೆ, ಮೂರೂ ಇವೆ. ಹೊಟ್ಟೆಯ ಸುಮಾರು ಮುಕ್ಕಾಲು ಭಾಗವನ್ನು ತೆಗೆದು ಕೊಳವೆಯಂತೆ ಉಳಿಸುವ ಸ್ಲೀವ್ ಶಸ್ತ್ರಚಿಕಿತ್ಸೆ ಆಗಬೇಕೆಂದು ವೈದ್ಯರು ಹೇಳಿದ್ದಾರೆ, ನಾನೂ ಮನಸ್ಸು ಮಾಡಿದ್ದೇನೆ. ಇದೇ ಶಸ್ತ್ರಚಿಕಿತ್ಸೆಯನ್ನು ಮಾವಶಿಯ ಮಗಳು, ನನಗೆ ತಂಗಿಯಾಗಬೇಕು, ಬೆಂಗಳೂರಿನಲ್ಲಿ ಮಾಡಿಸಿಕೊಂಡಿದ್ದಾಳೆ. ಹೀಗಾಗಿ ಎರಡೂ ದೇಶಗಳ ದಾರಿಯನ್ನು ಮನೆಯೊಳಗಿನಿಂದಲೇ ನೋಡುವಂತಾಯಿತು.

ಇಲ್ಲಿಯ ದಾರಿ ಹೀಗಿದೆ. ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ಅಂಕಿ, 40 ದಾಟಿರಬೇಕು, ಇಲ್ಲವೇ 35 ದಾಟಿದ್ದು ಜೊತೆಗೆ ತೂಕದಿಂದ ಬಂದ ಕಾಯಿಲೆ ಇರಬೇಕು. ಐದು ಅಡಿ ಏಳು ಅಂಗುಲ ಎತ್ತರದವರಿಗೆ 40 ಎಂದರೆ ಹೆಚ್ಚುಕಡಿಮೆ 116 ಕಿಲೋ, 35 ಎಂದರೆ 101 ಕಿಲೋ. ಈ ಅಂಕಿಗಳು 1991ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ತಜ್ಞರ ಸಭೆ ಹಾಕಿಕೊಟ್ಟವು. ಆ ಮಿತಿಯೊಳಗೆ ಬಂದರೂ ಅನೇಕ ವಿಮಾ ಯೋಜನೆಗಳು ಅಷ್ಟಕ್ಕೆ ಒಪ್ಪುವುದಿಲ್ಲ. ವೈದ್ಯರ ಉಸ್ತುವಾರಿಯಲ್ಲಿ ಮೂರು ತಿಂಗಳೋ ಆರು ತಿಂಗಳೋ ಪಥ್ಯ ಮಾಡಬೇಕು, ಪ್ರತಿ ತಿಂಗಳೂ ತಪ್ಪದೆ ಹೋಗಿ ತೂಕ ಬರೆಸಬೇಕು, ಏನು ತಿಂದೆ, ಎಷ್ಟು ನಡೆದೆ ಎಂಬುದು ವೈದ್ಯರ ಟಿಪ್ಪಣಿಯಲ್ಲಿ ದಾಖಲಾಗಬೇಕು. ಮನಶ್ಶಾಸ್ತ್ರಜ್ಞರ ಸಂದರ್ಶನ, ನಿದ್ದೆಯ ಪರೀಕ್ಷೆ, ರಕ್ತ ಪರೀಕ್ಷೆಗಳು ಬೇರೆ. ಇಷ್ಟೆಲ್ಲ ಸೇರಿಸಿ ಕಳಿಸಿದ ಮೇಲೆ ಕಂಪನಿ ಅನುಮತಿ ಕೊಡಬಹುದು, ಕೊಡದೆಯೂ ಇರಬಹುದು.

ಎಲ್ಲಕ್ಕಿಂತ ಕ್ರೂರವಾದದ್ದು 'ಸತತ' ಎಂಬ ಷರತ್ತು. ಒಂದು ತಿಂಗಳ ಭೇಟಿ ತಪ್ಪಿದರೆ ಎಷ್ಟೋ ಯೋಜನೆಗಳಲ್ಲಿ ಎಣಿಕೆ ಮತ್ತೆ ಒಂದರಿಂದ ಶುರು. ನಮ್ಮಂಥ ಹೊರನಾಡಿಗರಿಗೆ ಇದು ಹೇಗೆ ತಗಲುತ್ತದೆ ಎಂಬುದನ್ನು ಈ ನಿಯಮ ಬರೆದವರು ಊಹಿಸಿರಲಾರರು. ನನ್ನ ಪರಿಚಯದ ಬಾಗಲಕೋಟೆಯ ಒಬ್ಬರು ನಾಲ್ಕನೆಯ ತಿಂಗಳಿನಲ್ಲಿದ್ದಾಗ ಊರಿನಲ್ಲಿ ತಂದೆಗೆ ಪಾರ್ಶ್ವವಾಯು ಆಯಿತು. ಹೊರಟರು. ತಂದೆಯ ಆರೈಕೆ, ಆಮೇಲೆ ಅವರ ಉತ್ತರಕ್ರಿಯೆ, ಎಲ್ಲ ಮುಗಿಸಿ ಬರುವಷ್ಟರಲ್ಲಿ ಒಂದು ಭೇಟಿ ತಪ್ಪಿತ್ತು. ಊರಿನ ವೈದ್ಯರ ಬಳಿ ತೂಕ ಮಾಡಿಸಿ ಸಹಿ ಹಾಕಿಸಿ ತಂದ ಚೀಟಿಯನ್ನು ವಿಮೆಯವರು ಒಪ್ಪಲಿಲ್ಲ. ತಂದೆ ತೀರಿಕೊಂಡ ಮಗ ಮತ್ತೆ ಮೊದಲ ತಿಂಗಳಿನ ಸಾಲಿನಲ್ಲಿ ನಿಂತ. ಅಷ್ಟು ಹೊತ್ತಿಗೆ ಅವರ ಇನ್ಸುಲಿನ್ ಪ್ರಮಾಣ ಏರಿತ್ತು. ಇದನ್ನು ಶಿಸ್ತು ಎಂದು ಕರೆಯಲು ನನ್ನ ಬಾಯಿ ಬರುವುದಿಲ್ಲ.

ಇನ್ನೊಂದು ಹಿಂಸೆ ಮನಸ್ಸಿನದು. ಪಥ್ಯದಿಂದ ತೂಕ ಚೆನ್ನಾಗಿ ಇಳಿದರೆ ಮಿತಿಗಿಂತ ಕೆಳಗೆ ಹೋಗಿ ಅನುಮತಿಯೇ ಸಿಗದಿದ್ದರೆ ಎಂಬ ಭಯ. ಇಳಿಯದಿದ್ದರೆ ಇವನಿಗೆ ಶ್ರದ್ಧೆಯಿಲ್ಲ ಎಂದು ಬರೆಯುತ್ತಾರೆಂಬ ಭಯ. ಕೆಲವು ಯೋಜನೆಗಳು ಮೊದಲ ದಿನದ ತೂಕವನ್ನೇ ಲೆಕ್ಕಕ್ಕೆ ಹಿಡಿಯುತ್ತವೆ, ಕೆಲವು ಅರ್ಜಿ ಹಾಕುವ ದಿನದ್ದನ್ನು ಕೇಳುತ್ತವೆ. ನಮ್ಮದು ಯಾವುದೆಂದು ಮೊದಲೇ ಕೇಳಿ ಬರವಣಿಗೆಯಲ್ಲಿ ಪಡೆಯುವುದು ಬಹಳ ಮುಖ್ಯ. ಅದು ಗೊತ್ತಿಲ್ಲದೆ ತಕ್ಕಡಿಯ ಮೇಲೆ ನಿಲ್ಲುವವರು ಒಂದು ಕಿಲೋ ಇಳಿದಾಗ ಸಂತೋಷಪಡಬೇಕೋ ಅಂಜಬೇಕೋ ತಿಳಿಯದೆ ಒದ್ದಾಡುವುದನ್ನು ನಮ್ಮ ಆಸ್ಪತ್ರೆಯ ಗುಂಪು ಸಭೆಯಲ್ಲಿ ಕಂಡಿದ್ದೇನೆ.

ಈ ಕಡ್ಡಾಯ ಪಥ್ಯಕ್ಕೆ ವೈದ್ಯಶಾಸ್ತ್ರದ ಬೆಂಬಲವಿದೆಯೇ? ಈ ಶಸ್ತ್ರಚಿಕಿತ್ಸೆ ಮಾಡುವವರದೇ ಆದ ಅಮೆರಿಕದ ಸಂಘ 2016ರಲ್ಲಿ ತನ್ನ ನಿಲುವನ್ನು ಪ್ರಕಟಿಸಿತು: ವಿಮೆಗಾಗಿ ಮಾಡಿಸುವ ಪಥ್ಯ ತಾರತಮ್ಯದ್ದು, ಮನಬಂದಂತೆ ಹಾಕಿದ್ದು, ವೈಜ್ಞಾನಿಕ ಆಧಾರವಿಲ್ಲದ್ದು. 2022ರಲ್ಲಿ ಅದೇ ಸಂಘ ಅಂತರರಾಷ್ಟ್ರೀಯ ಒಕ್ಕೂಟದ ಜೊತೆ ಸೇರಿ 1991ರ ಮಿತಿಗಳನ್ನೇ ಬದಲಿಸಿತು. ಬಿಎಂಐ 35 ಇದ್ದರೆ ಬೇರೆ ಕಾಯಿಲೆ ಇರಲಿ ಬಿಡಲಿ ಶಸ್ತ್ರಚಿಕಿತ್ಸೆ ಸೂಕ್ತ, ಏಷ್ಯಾದ ಮೂಲದವರಿಗೆ 27.5ರಿಂದಲೇ ಅದನ್ನು ನೀಡಬಹುದು ಎಂದಿತು. ಹೊಟ್ಟೆಯ ಸುತ್ತ ಕೊಬ್ಬು ಶೇಖರವಾಗುವ ನಮ್ಮ ಮೈಕಟ್ಟಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಬರುತ್ತದೆ ಎಂಬುದು ಇದರ ಹಿಂದಿನ ಕಾರಣ. ಆದರೆ ವಿಮೆಯ ಕಡತಗಳಲ್ಲಿ ಇನ್ನೂ ಬಹುಮಟ್ಟಿಗೆ 1991ರ ಅಂಕಿಗಳೇ ಕುಳಿತಿವೆ. ಕೆಲವು ಯೋಜನೆಗಳು ಮಾತ್ರ ಏಷ್ಯನ್ನರಿಗೆ ಸ್ವಲ್ಪ ಇಳಿಸಿ ಓದುತ್ತವೆ.

ಕಡ್ಡಾಯ ಪಥ್ಯವನ್ನು ವಿರೋಧಿಸುವ ಭರದಲ್ಲಿ ಇನ್ನೊಂದು ಪಥ್ಯವನ್ನು ಅದರ ಜೊತೆ ಸೇರಿಸಿಬಿಡುವವರಿದ್ದಾರೆ. ಅದು ಸರಿಯಲ್ಲ. ಶಸ್ತ್ರಚಿಕಿತ್ಸೆಗೆ ಎರಡು ವಾರ ಮುಂಚೆ ವೈದ್ಯರು ಹೇಳುವ ಅಲ್ಪ ಕ್ಯಾಲೊರಿಯ, ಹೆಚ್ಚು ಪ್ರೋಟೀನಿನ ಆಹಾರಕ್ಕೆ ಸ್ಪಷ್ಟ ಉದ್ದೇಶವಿದೆ. ಕೊಬ್ಬು ತುಂಬಿ ಊದಿದ ಯಕೃತ್ತು ಹೊಟ್ಟೆಯ ಮೇಲೆ ಹಾಸಿಕೊಂಡಿರುತ್ತದೆ. ಈ ಎರಡು ವಾರಗಳಲ್ಲಿ ಅದು ಕುಗ್ಗುತ್ತದೆ, ಸಣ್ಣ ರಂಧ್ರಗಳ ಮೂಲಕ ಉಪಕರಣ ಹಾಕಿ ಕೆಲಸ ಮಾಡುವ ವೈದ್ಯರಿಗೆ ಜಾಗ ಸಿಗುತ್ತದೆ. ಅದನ್ನು ಯಾರೂ ತಪ್ಪಿಸಕೂಡದು. ಆ ಎರಡು ವಾರ ರೋಗಿಯ ಜೀವಕ್ಕಾಗಿ, ಈ ಆರು ತಿಂಗಳು ಕಡತಕ್ಕಾಗಿ.

ಇನ್ನು ನಮ್ಮ ನಾಡಿನ ದಾರಿ. ಅಲ್ಲಿ ವಿಮೆ ಈ ಶಸ್ತ್ರಚಿಕಿತ್ಸೆಯನ್ನು ಒಪ್ಪುವುದೇ ಇಲ್ಲವೆಂದು ಇಂದಿಗೂ ಅನೇಕರು ನಂಬಿದ್ದಾರೆ. ಹಾಗಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಇದಕ್ಕೆ ಷರತ್ತುಗಳನ್ನು ಹಾಕಿದೆ. ವಯಸ್ಸು 18 ಆಗಿರಬೇಕು, ವೈದ್ಯರ ಸಲಹೆಯಿರಬೇಕು, ಬಿಎಂಐ 40 ಇರಬೇಕು, ಇಲ್ಲವೇ 35 ಇದ್ದು ಹೃದ್ರೋಗ, ತೀವ್ರವಾದ ನಿದ್ರಾ ಉಸಿರುಗಟ್ಟುವಿಕೆ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯಂಥ ತೊಂದರೆ ಇರಬೇಕು, ಬೇರೆ ಸೌಮ್ಯ ವಿಧಾನಗಳು ಫಲ ಕೊಡದೆ ಹೋಗಿರಬೇಕು. ಇಷ್ಟು ತಿಂಗಳು ಪಥ್ಯ ಮಾಡು ಎಂಬ ಎಣಿಕೆ ಅದರಲ್ಲಿಲ್ಲ. ಇದನ್ನು ನಾನು ಮೆಚ್ಚುತ್ತೇನೆ. ಮೆಚ್ಚಲಾಗದ್ದು ಅಂಕಿಗಳು. ಭಾರತದ ವೈದ್ಯರೇ 2009ರಲ್ಲಿ ಕೂಡಿ ನಮ್ಮ ಜನರಿಗೆ 37.5, ಕಾಯಿಲೆಯಿದ್ದರೆ 32.5 ಸಾಕೆಂದು ಒಮ್ಮತಕ್ಕೆ ಬಂದಿದ್ದರು. ಹತ್ತು ವರ್ಷಗಳ ನಂತರ ಬರೆದ ನಿಯಮದಲ್ಲಿ ಪರದೇಶದ ಅಳತೆಯನ್ನೇ ಇಟ್ಟುಕೊಂಡದ್ದೇಕೆ?

ಅಲ್ಲಿಯೂ ಕಾಯುವಿಕೆ ಇದೆ, ರೂಪ ಬೇರೆ. ಸ್ವಂತವಾಗಿ ಪಾಲಿಸಿ ಕೊಂಡವರಿಗೆ ಮೊದಲಿನಿಂದ ಇದ್ದ ಕಾಯಿಲೆಗಳಿಗೆ ಮೂರು ವರ್ಷಗಳವರೆಗೆ ವಿಮೆ ಸಿಗದಿರಬಹುದು. 2024ಕ್ಕೆ ಮುನ್ನ ಅದು ನಾಲ್ಕು ವರ್ಷವಿತ್ತು. ಆ ಮೂರು ವರ್ಷ ಯಾರೂ ತೂಕ ಕೇಳುವುದಿಲ್ಲ, ಆಹಾರ ತಜ್ಞರ ಬಳಿ ಕಳಿಸುವುದಿಲ್ಲ, ಸುಮ್ಮನೆ ಪಂಚಾಂಗದ ಹಾಳೆ ಹರಿಯುತ್ತಿರುತ್ತದೆ. ಕೈಯಲ್ಲಿ ಹಣವಿದ್ದವರಿಗೆ ಮಾತ್ರ ಕಾಯುವುದೇ ಬೇಡ. ನನ್ನ ತಂಗಿ ಮೊದಲ ಸಲ ವೈದ್ಯರನ್ನು ಕಂಡದ್ದಕ್ಕೂ ಶಸ್ತ್ರಚಿಕಿತ್ಸೆ ಆದದ್ದಕ್ಕೂ ನಡುವೆ ಕೆಲವೇ ವಾರಗಳು. ಕೈಗುಣ ಒಳ್ಳೆಯದಿತ್ತು, ಗಾಯ ಬೇಗ ಮಾಯಿತು. ಆದರೆ ಜೀವನಪೂರ್ತಿ ಬಿ12, ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆ ತಪ್ಪಿಸಬಾರದೆಂಬುದನ್ನು ಬಿಡುಗಡೆಯ ದಿನದ ಕಾಗದದಲ್ಲಿ ಒಂದು ಸಾಲು ಬರೆದು ಕೊಟ್ಟರೇ ಹೊರತು ಕೂಡಿಸಿಕೊಂಡು ಯಾರೂ ಹೇಳಲಿಲ್ಲ. ಕೆಲವು ತಿಂಗಳಿಗೆ ಕೂದಲು ಉದುರತೊಡಗಿದಾಗ ಅವಳು ಅತ್ತದ್ದು ಫೋನಿನಲ್ಲಿ ನನ್ನ ಮುಂದೆ. ವೇಗವಾಗಿ ತೂಕ ಇಳಿದಾಗ ಹಾಗಾಗುವುದು ಸಾಮಾನ್ಯ, ಪ್ರೋಟೀನು ಸರಿಯಾಗಿ ಸಿಕ್ಕರೆ ಮತ್ತೆ ಬರುತ್ತದೆ ಎಂದು ನಾನು ಇಲ್ಲಿಯ ಆಹಾರ ತಜ್ಞೆಯಿಂದ ಕಲಿತದ್ದನ್ನು ಅವಳಿಗೆ ಹೇಳಿದೆ.

ಮನೆಯವರ ಮಾತೂ ಅಲ್ಲಿ ಭಾರ. ಬೆಳಗ್ಗೆ ನಡೆದರೆ ಸಾಕಿತ್ತಲ್ಲ, ಬಿಸಿನೀರಿಗೆ ಜೇನು ಹಾಕಿ ಕುಡಿದರೆ ಆಗುತ್ತಿತ್ತಲ್ಲ ಎನ್ನುವ ನೆಂಟರಿಗೆ ಹೆದರಿ ಅವಳು ಪಿತ್ತಕೋಶದ ಶಸ್ತ್ರಚಿಕಿತ್ಸೆ ಎಂದು ಹೇಳಿಕೊಂಡಳು. ಅವಳನ್ನು ಆ ಸುಳ್ಳಿಗೆ ದೂಡಿದವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಇಲ್ಲಿಯ ಆರು ತಿಂಗಳಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ಏನೂ ಇಲ್ಲವೆಂದರೆ ಸುಳ್ಳಾದೀತು. ಗುಂಪು ಸಭೆಯಿಂದ ಧೈರ್ಯ ಬಂದಿದೆ. ಆಹಾರ ತಜ್ಞೆ ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನು ಬೇಕೆಂದಾಗ ಮಾಂಸ, ಮೊಟ್ಟೆ ತಿನ್ನದ ನನಗೆ ಅದು ಆಗದ ಮಾತೆನಿಸಿತು. ಅವರ ಪಟ್ಟಿಯಲ್ಲಿ ಜೋಳದ ರೊಟ್ಟಿ ಇರಲಿಲ್ಲ, ಮಡಿಕೆಕಾಳು ಇರಲಿಲ್ಲ, ಝುಣಕ ಎಂದರೆ ಏನೆಂದೇ ಗೊತ್ತಿರಲಿಲ್ಲ. ಆದರೆ ಕೇಳಿ ಬರೆದುಕೊಂಡರು, ಆಸಕ್ತಿಯಿಂದ ಕೇಳಿದರು. ಇಬ್ಬರೂ ಕೂತು ಲೆಕ್ಕ ಹಾಕಿದೆವು. ಒಂದು ಬಟ್ಟಲು ಅನ್ನದಲ್ಲಿ ನಾಲ್ಕೇ ಗ್ರಾಂ ಪ್ರೋಟೀನು, ಅಷ್ಟೇ ಬೇಯಿಸಿದ ಹೆಸರುಕಾಳಿನಲ್ಲಿ ಸುಮಾರು ಹದಿನಾಲ್ಕು. ಹಾಗಾದರೆ ಅನ್ನಕ್ಕೆ ಸಾರು ಎಂಬುದನ್ನು ತಿರುಗಿಸಿ ಕಾಳಿಗೆ ಒಂದು ಚೂರು ರೊಟ್ಟಿ ಎಂದಿಟ್ಟುಕೊಂಡರೆ ಅರ್ಧ ಕೆಲಸ ಆಯಿತು. ಮೊಳಕೆ ಕಟ್ಟಿದ ಮಡಿಕೆಕಾಳಿನ ಪಲ್ಯ, ಕಡಲೆಹಿಟ್ಟಿನ ಝುಣಕ, ನೀರು ಬಸಿದ ಗಟ್ಟಿ ಮೊಸರು, ಪನೀರು. ಶೇಂಗಾ ಚಟ್ನಿಪುಡಿಗೆ ಮಾತ್ರ ಅಳತೆ ಬೇಕು, ಅದರಲ್ಲಿ ಪ್ರೋಟೀನಿಗಿಂತ ಎಣ್ಣೆಯೇ ಹೆಚ್ಚು. ಊಟದ ಜೊತೆ ನೀರು ಕುಡಿಯದಿರುವುದು, ತುತ್ತನ್ನು ನುಣ್ಣಗಾಗುವವರೆಗೆ ಅಗಿಯುವುದು, ಕಾಳನ್ನು ಮೊದಲು ತಿಂದು ರೊಟ್ಟಿಯನ್ನು ಕೊನೆಗೆ ಇಟ್ಟುಕೊಳ್ಳುವುದು, ಇವೆಲ್ಲ ಶಸ್ತ್ರಚಿಕಿತ್ಸೆಯ ನಂತರ ಅನಿವಾರ್ಯ. ಈಗಲೇ ರೂಢಿಯಾಗಿದ್ದರೆ ಆಗ ಕಷ್ಟವಾಗುವುದಿಲ್ಲ. ಕಾಯುತ್ತಿರುವ ಕನ್ನಡಿಗರಿಗೆ ನಾನು ಮೊದಲು ಹೇಳುವುದು ಇದನ್ನೇ: ತೂಕದ ಅಂಕಿಗಿಂತ ಈ ರೂಢಿಗಳ ಮೇಲೆ ಗಮನವಿಡಿ.

ಇಷ್ಟನ್ನು ಕಲಿಯಲು ಮೂರು ನಾಲ್ಕು ಭೇಟಿ ಸಾಕು. ಆರು ತಿಂಗಳ ಬೀಗ ಬೇಕಿಲ್ಲ.

ಅವ್ವನ ಚಾತುರ್ಮಾಸ್ಯದ ನೆನಪು ಈಗ ಪದೇಪದೇ ಆಗುತ್ತದೆ. ಮೊದಲ ತಿಂಗಳು ತರಕಾರಿ ಬಿಡುವ ಶಾಕವ್ರತ, ಆಮೇಲೆ ಮೊಸರು ಬಿಡುವ ದಧಿವ್ರತ, ಹಾಲು ಬಿಡುವ ಕ್ಷೀರವ್ರತ, ಕೊನೆಗೆ ಬೇಳೆಕಾಳು ಬಿಡುವ ದ್ವಿದಳವ್ರತ. ಒಂದಲ್ಲ ನಾಲ್ಕು ತಿಂಗಳ ಕಟ್ಟುನಿಟ್ಟು, ಅದನ್ನು ಅವಳು ಎಂದೂ ಹೊರೆ ಎನ್ನಲಿಲ್ಲ. ಆದರೆ ಜ್ವರ ಬಂದ ವರ್ಷ ಹಾಲು ಕುಡಿದಳು, ಅದಕ್ಕೆ ಯಾರೂ ವ್ರತವನ್ನು ಮತ್ತೆ ಆಷಾಢದಿಂದ ಹಿಡಿ ಎನ್ನಲಿಲ್ಲ. ರೋಗಿಗೆ, ಬಸುರಿಗೆ, ವಯಸ್ಸಾದವರಿಗೆ ರಿಯಾಯಿತಿ ಇಟ್ಟೇ ನಮ್ಮ ಹಿರಿಯರು ವ್ರತಗಳನ್ನು ಕಟ್ಟಿದ್ದರು. ನನ್ನ ಶಸ್ತ್ರಚಿಕಿತ್ಸೆಯ ವಿಷಯ ತಿಳಿದಾಗ ಮೊದಲು ಅತ್ತವಳು ಮರುದಿನ ಫೋನು ಮಾಡಿ, ಈ ವರ್ಷ ದ್ವಿದಳವ್ರತ ನಿನಗೆ ಬೇಡ, ವೈದ್ಯರು ಕಾಳು ತಿನ್ನು ಅಂದಿದ್ದಾರಲ್ಲ, ತಿನ್ನು ಎಂದಳು. ರೋಗಿಯ ಮೈ ನೋಡಿ ನಿಯಮ ಸಡಿಲಿಸುವ ಈ ವಿವೇಕವನ್ನೇ ನಾನು ವಿಮೆಯವರಿಂದ ಕೇಳುತ್ತಿರುವುದು.

ಬ್ರಿಟನ್ನಿನ ಸರಕಾರಿ ವ್ಯವಸ್ಥೆಯಲ್ಲಿಯೂ ಶಸ್ತ್ರಚಿಕಿತ್ಸೆಗೆ ಮುನ್ನ ತೂಕ ನಿರ್ವಹಣೆಯ ತಜ್ಞರ ತಂಡದ ಬಳಿ ಕಳಿಸುತ್ತಾರೆ, ಸಾಲು ಅಲ್ಲಿಯೂ ಉದ್ದ. ಆದರೆ ದಕ್ಷಿಣ ಏಷ್ಯಾದವರಿಗೆ ಬಿಎಂಐ ಮಿತಿಯನ್ನು 2.5ರಷ್ಟು ಇಳಿಸಿ ಪರಿಗಣಿಸುವ ಸೂಚನೆಯನ್ನು ಅವರ ರಾಷ್ಟ್ರೀಯ ಮಾರ್ಗಸೂಚಿಯಲ್ಲೇ ಬರೆದುಕೊಂಡಿದ್ದಾರೆ. ಭಾರತದ ನಿಯಮದಲ್ಲಿ ಇಲ್ಲದ್ದು ಲಂಡನ್ನಿನ ನಿಯಮದಲ್ಲಿದೆ.

ಕಾದು ಸಾಕಾಗಿ ಬೆಂಗಳೂರಿಗೆ ಹಾರಿ ಹಣ ಕೊಟ್ಟು ಮಾಡಿಸಿಕೊಂಡು ಬರುತ್ತೇನೆ ಎನ್ನುವ ಗೆಳೆಯರಿದ್ದಾರೆ. ಅವರನ್ನು ತಡೆಯುವ ಹಕ್ಕು ನನಗಿಲ್ಲ. ಒಂದನ್ನು ಮಾತ್ರ ಮೊದಲೇ ಖಚಿತ ಮಾಡಿಕೊಳ್ಳಬೇಕು: ಮರಳಿ ಬಂದ ಮೇಲೆ ಇಲ್ಲಿ ಯಾರು ನೋಡಿಕೊಳ್ಳುತ್ತಾರೆ? ಹೊಲಿಗೆ ಹಾಕಿದ ಜಾಗ ಸೋರುವುದು, ರಕ್ತ ಹೆಪ್ಪುಗಟ್ಟುವುದು ಅಪರೂಪವಾದರೂ ಮೊದಲ ವಾರಗಳಲ್ಲೇ ಬರುವಂಥವು. ಹದಿನೆಂಟು ಇಪ್ಪತ್ತು ಗಂಟೆಗಳ ವಿಮಾನ ಪ್ರಯಾಣವನ್ನು ಆ ದಿನಗಳಲ್ಲಿ ಮಾಡುವುದು ಸಣ್ಣ ವಿಷಯವಲ್ಲ.

ಅನುಮತಿ ಸಿಗದಿದ್ದರೂ ಬಾಗಿಲು ಮುಚ್ಚಿತೆಂದು ಕೂರಬೇಡಿ. ನಿರಾಕರಣೆಯ ಕಾರಣವನ್ನು ಕಾಗದದಲ್ಲಿ ಕೇಳಿ. ನಿಮ್ಮ ವೈದ್ಯರು ವಿಮೆಯ ವೈದ್ಯರ ಜೊತೆ ನೇರವಾಗಿ ಮಾತನಾಡಬಹುದು. ಮೇಲ್ಮನವಿ ಹಾಕಬಹುದು, ಅದೂ ಸೋತರೆ 2010ರ ಆರೋಗ್ಯ ಕಾನೂನಿನಡಿ ಬಹುಪಾಲು ಯೋಜನೆಗಳವರು ಕಂಪನಿಗೆ ಸಂಬಂಧವಿಲ್ಲದ ಹೊರಗಿನವರಿಂದ ಪರಿಶೀಲನೆ ಕೇಳಬಹುದು. ಪ್ರತಿ ಭೇಟಿಯ ಟಿಪ್ಪಣಿಯ ಪ್ರತಿ ನಿಮ್ಮ ಬಳಿ ಇರಲಿ. ಅದರಲ್ಲಿ ತೂಕ, ಆಹಾರ, ವ್ಯಾಯಾಮ ಮೂರೂ ಬರೆದಿವೆಯೇ ಎಂದು ಆಸ್ಪತ್ರೆ ಬಿಡುವ ಮುನ್ನವೇ ನೋಡಿಕೊಳ್ಳಿ. ಊರಿಗೆ ಹೋಗುವುದಿದ್ದರೆ ಆ ತಿಂಗಳ ಭೇಟಿಯನ್ನು ಹೊರಡುವ ಮೊದಲೇ ಮುಗಿಸಿ.

ಇನ್ನೊಂದು ಸಂಗತಿ ನಮ್ಮವರಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ಇಲ್ಲಿಯ ದೊಡ್ಡ ಕಂಪನಿಗಳಲ್ಲಿ ಎಷ್ಟೋ ಕಡೆ ವಿಮೆಯ ಹಣ ನಿಜವಾಗಿ ಕೊಡುವುದು ಉದ್ಯೋಗದಾತರೇ, ಕಾರ್ಡಿನ ಮೇಲೆ ಹೆಸರಿರುವ ವಿಮಾ ಕಂಪನಿ ಕಾಗದಪತ್ರ ನೋಡಿಕೊಳ್ಳುತ್ತದೆ ಅಷ್ಟೆ. ಅಂಥ ಕಡೆ ಈ ಶಸ್ತ್ರಚಿಕಿತ್ಸೆ ಯೋಜನೆಯಲ್ಲಿ ಇರಬೇಕೋ ಬೇಡವೋ, ಪಥ್ಯ ಎಷ್ಟು ತಿಂಗಳು ಎಂಬುದನ್ನು ಬದಲಿಸುವ ಅಧಿಕಾರ ಉದ್ಯೋಗದಾತರಿಗಿದೆ. ನಮ್ಮಲ್ಲಿ ಎಷ್ಟೊಂದು ಜನ ಇಂಥ ಕಂಪನಿಗಳಲ್ಲಿದ್ದೇವೆ, ಕೆಲವರು ಮೇಲಿನ ಹುದ್ದೆಗಳಲ್ಲೂ ಇದ್ದಾರೆ. ಮುಂದಿನ ವರ್ಷದ ಯೋಜನೆಗಳನ್ನು ಸಾಕಷ್ಟು ಮುಂಚೆಯೇ ನಿರ್ಧರಿಸುವುದರಿಂದ ನೌಕರರು ಯೋಜನೆ ಆರಿಸಿಕೊಳ್ಳುವ ಶರತ್ಕಾಲದ ನೋಂದಣಿಯವರೆಗೆ ಕಾಯದೆ ಸಿಬ್ಬಂದಿ ವಿಭಾಗಕ್ಕೆ ಬರೆಯಬೇಕು. ನಾನು ಈಗಾಗಲೇ ಬರೆದಿದ್ದೇನೆ. ಕೇಳಿದ್ದು ಎರಡು: ತಿಂಗಳ ಎಣಿಕೆಯನ್ನು ತೆಗೆದು ಸಿದ್ಧತೆಯ ತೀರ್ಮಾನವನ್ನು ವೈದ್ಯರಿಗೆ ಬಿಡಿ, ಅದು ಆಗದಿದ್ದರೆ ಸಾವು ನೋವಿಗಾಗಿ ಊರಿಗೆ ಹೋದವರ ಎಣಿಕೆಯನ್ನಾದರೂ ಅಳಿಸಬೇಡಿ. ಉತ್ತರ ಇನ್ನೂ ಬಂದಿಲ್ಲ. ಬಾರದಿದ್ದರೆ ಇನ್ನೊಮ್ಮೆ ಬರೆಯುತ್ತೇನೆ, ಬಾಗಲಕೋಟೆಯ ಆ ಸ್ನೇಹಿತರೂ ತಮ್ಮ ಕಂಪನಿಗೆ ಬರೆಯುವುದಾಗಿ ಹೇಳಿದ್ದಾರೆ.